ರುಖಿಯಮ್ಮನ ಹದಿನಾರು ಮೊಟ್ಟೆ

ಕೋಡಿಂಬಾಳದ ರುಖಿಯಮ್ಮ ಮೂರನೆಯ ತರಗತಿಯವರೆಗೆ ಓದಿದವರು. ಊರ ಕೋಳಿಗಳ ವಿಷಯದಲ್ಲಿ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುತ್ತಿಗೆಯಲ್ಲಿ ಗರಿಯಿಲ್ಲದ ಒಂದು ತಳಿಯನ್ನು ತಾಯಿಯ ಕಾಲದಿಂದಲೂ ಬೇರೆಯದರೊಂದಿಗೆ ಬೆರೆಯದಂತೆ ಸಾಕಿಕೊಂಡು ಬಂದಿದ್ದರು. ಕಳೆದ ಮಾರ್ಚಿನಲ್ಲಿ ಬೀದಿನಾಯಿಗಳು ಗೂಡಿಗೆ ನುಗ್ಗಿ ಒಂದು ಕೋಳಿಯನ್ನೂ ಬಿಡಲಿಲ್ಲ. ಉಳಿದದ್ದು ಎರಡು ದಿನ ಮೊದಲು ಕಾವಿಗೆ ಇಟ್ಟಿದ್ದ ಹದಿನಾರು ಮೊಟ್ಟೆ ಮಾತ್ರ.

ಅವು ಮನೆಯೊಳಗೆ ಥರ್ಮಾಕೋಲಿನ ಪೆಟ್ಟಿಗೆಯಲ್ಲಿದ್ದವು. ಒಳಗೆ ಒಂದು ಬಲ್ಬು, ಬಿಸಿ ಹೆಚ್ಚಾದರೆ ಅದನ್ನು ಆರಿಸುವ ಸ್ವಿಚ್ಚು. ಮರುದಿನ ಆ ಸ್ವಿಚ್ಚು ಕೆಟ್ಟಿತು. ಮೂವತ್ತೇಳೂವರೆ ಡಿಗ್ರಿ ಇರಬೇಕಾದಲ್ಲಿ ಎರಡು ಗಂಟೆಗಳ ಕಾಲ ನಲವತ್ತೊಂದು ಡಿಗ್ರಿ ಇತ್ತು. ರುಖಿಯಮ್ಮ ನನಗೆ ಫೋನು ಮಾಡಿದರು. ನಾನು ಪುತ್ತೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗ ವಿದ್ಯಾರ್ಥಿಗಳಿಗೆ ಭ್ರೂಣ ತೋರಿಸಲು ಅವರಿಂದಲೇ ಮೊಟ್ಟೆ ತರಿಸುತ್ತಿದ್ದೆ.

"ಬಿಸಾಡಿ," ಎಂದೆ. "ಮೂರನೇ ದಿನ ಅಂದರೆ ಮಿದುಳು, ಬೆನ್ನುಹುರಿ ಆಗುವ ಹೊತ್ತು."

"ಆಗ ಬಿಸಿ ತಾಗಿದರೆ ಎಂತ ಆಗುದು ಟೀಚರೇ?"

ಹೇಳಿದೆ. ಜೀವಕೋಶದೊಳಗಿನ ಪ್ರೋಟೀನುಗಳು ಸರಿಯಾದ ಆಕಾರಕ್ಕೆ ಮಡಚಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಬಿಸಿಗೆ ಆ ಆಕಾರ ಕೆಡುತ್ತದೆ. ಆಗ ಕೋಶ ಉಳಿದ ಕೆಲಸ ನಿಲ್ಲಿಸಿ, ಕೆಟ್ಟದ್ದನ್ನು ಮತ್ತೆ ಮಡಚುವ ಬೇರೆ ಪ್ರೋಟೀನುಗಳನ್ನು ತಯಾರಿಸುತ್ತದೆ. ಇದು ರಕ್ಷಣೆಯೇ. ಆದರೆ ನರಕೋಶವಾಗಲು ಹೊರಟ ಕೋಶಕ್ಕೆ ನಿಂತುಕೊಳ್ಳಲು ಬಿಡುವಿಲ್ಲ. ಅದು ಹೊತ್ತಿಗೆ ಸರಿಯಾಗಿ ತನ್ನ ಜಾಗ ಸೇರಬೇಕು.

"ಹಾಗಾದರೆ ಸರಿ ಮಾಡುವವರು ಒಳಗೇ ಉಂಟಲ್ಲ," ಎಂದರು ರುಖಿಯಮ್ಮ. "ಬಿರಿಯಾನಿ ಅಡಿ ಹಿಡಿದರೆ ಇಡೀ ಪಾತ್ರೆ ಗುಂಡಿಗೆ ಹಾಕುದಾ? ನೀವು ಇಷ್ಟು ವರ್ಷ ಒಡೆದು ನೋಡಿದ್ದು. ಮರಿ ಆಗುವ ತನಕ ಒಂದನ್ನಾದರೂ ಬಿಟ್ಟಿದ್ದೀರಾ?"

ಬಿಟ್ಟಿರಲಿಲ್ಲ. ಪಾಠಕ್ಕೆ ಬೇಕಾದದ್ದು ಮೂರು ದಿನದ ಭ್ರೂಣ.

ಅವರು ಸ್ವಿಚ್ಚು ಬದಲಿಸಿ ಮೊಟ್ಟೆಗಳನ್ನು ಹಾಗೆಯೇ ಇಟ್ಟರು. ಕಾವಿನ ಏಳನೆಯ ದಿನ ಕಡಬದ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಬಾಗಿಲು ಮುಚ್ಚಿ, ಮೊಟ್ಟೆಗಳಿಗೆ ಮೊಬೈಲಿನ ಟಾರ್ಚು ಹಿಡಿದು ನೋಡಿದೆವು. ಹನ್ನೊಂದರಲ್ಲಿ ರಕ್ತನಾಳ ಕಂಡವು, ಅಂದರೆ ಒಳಗೆ ಜೀವವಿತ್ತು. ಇಪ್ಪತ್ತೊಂದನೆಯ ದಿನ ಒಂಬತ್ತು ಮರಿಗಳು ಹೊರಬಂದವು. ಅವು ಒಣಗಿದ ಮೇಲೆ ರುಖಿಯಮ್ಮ ಒಂದೊಂದನ್ನೇ ಬೆನ್ನಿನ ಮೇಲೆ ಮಲಗಿಸಿ ಕೈ ಬಿಟ್ಟರು. ತಾನಾಗಿ ಎದ್ದರೆ ಮರಿ ಸರಿಯಿದೆ ಎಂದು ಅರ್ಥ. ನರಗಳಿಗೆ ಇದಕ್ಕಿಂತ ಸುಲಭದ ಪರೀಕ್ಷೆ ನನಗೂ ಗೊತ್ತಿಲ್ಲ. ಎಂಟು ಎದ್ದವು. ಒಂದರ ಕುತ್ತಿಗೆ ಹಿಂದಕ್ಕೆ ವಾಲಿತ್ತು. ಅದು ಹುಟ್ಟಿದ ಮೂರನೆಯ ದಿನ ಸತ್ತಿತು.

"ಅದು ಬಲ್ಬಿನ ಹತ್ತಿರದ್ದಾ?" ಎಂದು ಕೇಳಿದೆ.

"ಅಲ್ಲ, ಮೂಲೆಯದ್ದು. ಬಲ್ಬಿನ ಅಡಿಯದ್ದು ಎಲ್ಲಕ್ಕಿಂತ ಮೊದಲು ಎದ್ದದ್ದು. ಯಾಕೆ ಹೇಳಿ ನೋಡುವ."

ಊಹೆಗಳಿದ್ದವು. ಮಿತವಾದ ಬಿಸಿ ಕೋಶವನ್ನು ಗಟ್ಟಿ ಮಾಡುವುದುಂಟು. ಮೂಲೆಯದಕ್ಕೆ ಬೇರೆ ಏನೋ ದೋಷವಿದ್ದಿರಬಹುದು. ಒಂದು ಮೊಟ್ಟೆ ನೋಡಿ ಏನನ್ನೂ ಹೇಳಲಾಗದು. ಗೊತ್ತಿಲ್ಲ ಎಂದೆ.

"ಗೊತ್ತಿಲ್ಲದೆಯಾ ಬಿಸಾಡ್ಲಿಕ್ಕೆ ಹೇಳಿದ್ದು?" ಎಂದು ನಕ್ಕರು.

ಜೂನಿನ ಹೊತ್ತಿಗೆ ಎಂಟರಲ್ಲಿ ಐದು ಹೇಂಟೆ, ಮೂರು ಹುಂಜ ಎಂದು ಗುರುತು ಸಿಕ್ಕಿತು. ತಳಿ ಮುಂದುವರಿಯಲು ಅಷ್ಟು ಸಾಕು.