ಅಂಡಮಾನಿನಲ್ಲಿ ಅವ್ವನ ಒಂದೊತ್ತಿನ ಊಟ

ದ್ರಾಕ್ಷಿಗೆ ಹೊಡೆಯುವ ಔಷಧ ಮಾರುವವರಿಗೆ ಒಂದು ಚಟವಿದೆ. ಹೆಚ್ಚು ಡಬ್ಬಿ ಕೊಂಡ ರೈತರನ್ನು ಸುಗ್ಗಿ ಮುಗಿದ ಮೇಲೆ ಎಲ್ಲಿಗಾದರೂ ಸಾಗಿಸಿ, ಒಂದೇ ಬಣ್ಣದ ಟೊಪ್ಪಿಗೆ ಹಾಕಿಸಿ, ಬ್ಯಾನರಿನ ಹಿಂದೆ ನಿಲ್ಲಿಸಿ ಫೋಟೊ ತೆಗೆಯುವುದು. ಆ ವರ್ಷ ಅಂಡಮಾನ್. ಐನಾಪುರದ ನಮ್ಮ ತೋಟಕ್ಕೆ ಎರಡು ಸೀಟು ಬಂದವು. ತೋಟ ನೋಡಿಕೊಳ್ಳುವ ತಮ್ಮನಿಗೆ ಬಳ್ಳಿ ಸವರುವ ಕೆಲಸವಿತ್ತು. ಹಾಗಾಗಿ ಅವ್ವನ ಜೊತೆ ನಾನು ಹೊರಟೆ.

ಹೊರಡುವ ದಿನ ಚತುರ್ದಶಿ ಎಂಬುದನ್ನು ಅವ್ವನ ಹೊರತು ಯಾರೂ ಗಮನಿಸಿರಲಿಲ್ಲ. ನಮ್ಮ ಜೈನ ಮನೆಗಳಲ್ಲಿ ಆಕೆಯ ವಯಸ್ಸಿನವರು ಅಂದು ಏಕಾಶನ ಹಿಡಿಯುತ್ತಾರೆ. ದಿನಕ್ಕೆ ಒಮ್ಮೆ ಕುಳಿತು ಉಣ್ಣಬೇಕು, ನೀರನ್ನೂ ಆಗಲೇ ಕುಡಿಯಬೇಕು, ಎದ್ದರೆ ಮುಗಿಯಿತು. ಹೊತ್ತು ಮುಳುಗಿದ ಮೇಲೆ ಹನಿ ನೀರೂ ಇಲ್ಲ. ಇದರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಎಪ್ಪತ್ತು ದಾಟಿದ ಹೆಂಗಸು ಏಪ್ರಿಲ್ ಬಿಸಿಲಲ್ಲಿ ನೀರಿಲ್ಲದೆ ದಿನ ಕಳೆದರೆ ಏನಾದೀತು ಎಂಬುದಕ್ಕೆ ನಂಬಿಕೆ ಬೇಕಿಲ್ಲ.

ಬೆಳಗಾವಿಯಲ್ಲಿ ವಿಮಾನ ತಡವಾಯಿತು. ಏಕೆಂದು ಯಾರೂ ಹೇಳಲಿಲ್ಲ, ಕ್ಷಮೆಯನ್ನು ಮಾತ್ರ ಮೂರು ಭಾಷೆಯಲ್ಲಿ ಕೇಳಿದರು. ಬೆಂಗಳೂರಿನಲ್ಲಿ ಇಳಿದಾಗ ನಮ್ಮನ್ನು ಕರೆತಂದ ಔಷಧದಂಗಡಿಯ ಮಾಲೀಕ ಓಡುತ್ತಲೇ ಕೂಗಿದ. "ಯಾರೂ ದಾರಿ ತಪ್ಪಬ್ಯಾಡ್ರಿ, ನನ್ನ ಟೊಪ್ಪಿಗಿ ನೋಡಕೋತ ಬರ್ರಿ." ನಲವತ್ತು ಜನರ ತಲೆಯ ಮೇಲೂ ಅದೇ ಟೊಪ್ಪಿಗೆ.

ಮುಂದಿನ ವಿಮಾನಕ್ಕೆ ಕಾಯುವಾಗ ಅವ್ವ ಬುತ್ತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಇಲ್ಲೇ ಕುಂತ ಉಂಡಬಿಡಲೇನೋ?"

"ಇಲ್ಲಿ ನಡುವ ಎಬ್ಬಸ್ತಾರ. ಐದೂವರೀಗೆ ಮುಟ್ತೀವಿ. ಹೊತ್ತ ಮುಳಗಾಕ ಏಳ ಆಕ್ಕೈತಿ. ಸಮುದ್ರ ನೋಡಕೋತ ಸಾವಕಾಶ ಉಣ್ಣಂತಿ."

ನಾನು ಹೀಗೆ ಹೇಳಿದೆನೆಂದು ನನ್ನ ನೆನಪು. ಕುಳಿತೇಳುವ ಗದ್ದಲ ಬೇಡವೆಂದು ತಾನೇ ಡಬ್ಬಿ ಮುಚ್ಚಿದೆ ಎಂದು ಅವ್ವ ಈಗ ಹೇಳುತ್ತಾಳೆ. ಮಗನನ್ನು ಉಳಿಸಲು ಹೇಳುತ್ತಾಳೋ, ನಿಜವೋ ತಿಳಿಯದು. ತಪ್ಪು ನನ್ನದೇ ಎಂದುಕೊಳ್ಳುವುದರಲ್ಲೂ ಒಂದು ಜಂಬವಿರುತ್ತದೆ.

ಪೋರ್ಟ್ ಬ್ಲೇರ್‌ನಿಂದ ನಾವು ಉಳಿಯಬೇಕಿದ್ದ ದ್ವೀಪಕ್ಕೆ ಎ.ಸಿ. ದೋಣಿ. ಹತ್ತುವಾಗಲೇ ಚೀಲಗಳನ್ನೆಲ್ಲ ಕಸಿದುಕೊಂಡು ಕೆಳಗೆ ಒಟ್ಟಿದರು. ಅವ್ವನ ಡಬ್ಬಿಯೂ ಅಲ್ಲಿಗೇ ಹೋಯಿತು. ಒಳಗೆ ಶವಾಗಾರದ ತಂಪು, ಕೊಳಕು ಗಾಜಿನಾಚೆ ಸಮುದ್ರ. ಜನ ಇದನ್ನೇ ಸ್ವರ್ಗ ಎನ್ನುತ್ತಾರೆ. ದಾರಿ ಮುಕ್ಕಾಲು ಮುಗಿದಾಗ ಪಕ್ಕದಲ್ಲಿದ್ದ ಸದಲಗಾದ ರೈತ ತನ್ನ ಮುಂಗೈ ಅಲ್ಲಾಡಿಸಿದ.

"ಮಾಸ್ತರ, ನನ್ನ ಗಡಿಯಾರ ನಿಂತೈತೇನ್ರಿ? ಐದ ತೋರಸಾಕತ್ತೈತಿ, ಬಿಸಿಲ ನೋಡಿದರ ಹೊಂಟೈತಿ."

ಗಡಿಯಾರ ಸರಿಯಾಗಿತ್ತು. ನಾನು ಭೂಗೋಳದಲ್ಲಿ ಎಂ.ಎ. ಮಾಡಿದವನು. ದೇಶಕ್ಕೆಲ್ಲ ಗಡಿಯಾರ ಒಂದೇ, ಸೂರ್ಯ ಮಾತ್ರ ಪೂರ್ವದಲ್ಲಿ ಮೊದಲು ಮುಳುಗುತ್ತಾನೆ ಎಂದು ಚಿಕ್ಕೋಡಿಯಲ್ಲಿ ಪ್ರತಿ ವರ್ಷ ಕಾಲೇಜು ಮಕ್ಕಳಿಗೆ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತೇನೆ. ಅಂಡಮಾನಿಗೆ ಬರುವಾಗ ಐನಾಪುರದ ಸೂರ್ಯನನ್ನೇ ಜೊತೆಗೆ ಕಟ್ಟಿಕೊಂಡು ಬಂದಿದ್ದೆ. ಚೀಲ ಕೊಡಿರೆಂದು ದೋಣಿಯವನನ್ನು ಕೇಳಿದೆ. ಇಳಿದ ಮೇಲೆ ಎಂದ.

ಇಳಿದಾಗ ಸೂರ್ಯ ಮರಗಳ ತುದಿಯಿಂದ ಎರಡು ಬೆರಳು ಮೇಲಿದ್ದ. ಚೀಲ ಸಿಕ್ಕಿತು. ಅವ್ವ ಕೂರಲು ಜಾಗ ಹುಡುಕುತ್ತಿದ್ದಳು. ಅಷ್ಟರಲ್ಲಿ ಅಂಗಡಿ ಮಾಲೀಕ ಅಡ್ಡ ಬಂದ.

"ಕಾಕೂ, ಒಂದ ನಿಮಿಷ ನಿಲ್ರಿ. ಬೆಳಕ ಇದ್ದಾಗ ಫೋಟೋ ಆಗಿಬಿಡಲಿ."

ಬ್ಯಾನರು ಮೊದಲು ತಲೆಕೆಳಗಾಗಿ ಬಿಚ್ಚಿಕೊಂಡಿತು. ಆಮೇಲೆ ಒಬ್ಬ ಟೊಪ್ಪಿಗೆ ಕಳೆದುಕೊಂಡಿದ್ದ. ಅವನಿಗಾಗಿ ಕಾದೆವು. ನಿನ್ನ ಬ್ಯಾನರಿಗಿಷ್ಟ ಬೆಂಕಿ ಹಚ್ಚ ಎಂದು ನಾನು ಎಲ್ಲರೆದುರು ಬೈದೆನೆಂದು ವರ್ಷಗಟ್ಟಲೆ ನಂಬಿದ್ದೆ. ಆದರೆ ಆ ಫೋಟೊ ನಮ್ಮ ಮನೆಯಲ್ಲಿದೆ. ಅದರಲ್ಲಿ ನಾನು ಬ್ಯಾನರಿನ ಒಂದು ತುದಿ ಹಿಡಿದು ನಗುತ್ತಿದ್ದೇನೆ. ಅವ್ವ ಒಬ್ಬಳೇ ಕ್ಯಾಮೆರಾದತ್ತ ನೋಡದೆ ಮರಗಳ ಕಡೆ ಮುಖ ಮಾಡಿದ್ದಾಳೆ.

ನಾವು ಚದುರುವ ಹೊತ್ತಿಗೆ ಮರಗಳ ಹಿಂದೆ ಕೆಂಪು ಮಾತ್ರ ಉಳಿದಿತ್ತು.

"ಹೊತ್ತ ಇನ್ನೂ ಪೂರಾ ಮುಳಗಿಲ್ಲ ಅವ್ವಾ, ಮರದ ಹಿಂದ ಐತಿ. ಲಗೂ ಕುಂದ್ರು," ಎಂದೆ.

"ಕಾಣಲಾರದ್ದನ್ನ ನೀ ಯಾವಾಗಿಂದ ನಂಬಾಕ ಹತ್ತಿದಿ?"

ಆಕೆಯ ತುಟಿ ಒಣಗಿ ಬಿರಿದಿತ್ತು. ಒಂದು ಗುಟುಕು ನೀರಾದರೂ ಕುಡಿ ಎಂದು ಬೇಡಿಕೊಂಡೆ. ಆಕೆ ಕಟ್ಟೆಯ ಮೇಲೆ ಕುಳಿತು ಡಬ್ಬಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಮುಂದೆ ಹಿಡಿದಳು.

"ನಾ ನಾಳೆ ಮುಂಜಾನೆ ಹೊತ್ತ ಹೊಂಡೂತನಾ ತಡೀತೇನಿ. ನಿನಗೇನ ಸೂರ್ಯಾ ಬೇಕಾಗಿಲ್ಲಲಾ, ನೀ ಉಣ್ಣ."

ಹಸಿದಿದ್ದೆ. ಆಕೆಯ ಎದುರಿಗೇ ಕುಳಿತು ಎರಡು ರೊಟ್ಟಿ ಉಂಡು, ಆಕೆ ಮನೆಯಿಂದ ಸೋಸಿ ತಂದಿದ್ದ ನೀರನ್ನೂ ಕುಡಿದೆ. ಇದೊಂದು ಮಾತ್ರ ನನಗೆ ಸರಿಯಾಗಿ ನೆನಪಿದೆ.