ಇಬ್ಬರು ಗಂಗವ್ವಂದಿರು

ನನ್ನ ಪ್ರೋಗ್ರಾಮಿನಲ್ಲಿ ತಪ್ಪು ಸಿಕ್ಕರೆ ನನಗೆ ನಾಚಿಕೆಯಾಗುವುದಿಲ್ಲ, ಕಂಪ್ಯೂಟರಿನ ಮೇಲೆ ಸಿಟ್ಟು ಬರುತ್ತದೆ. ಆದರೆ ಕಳೆದ ತಿಂಗಳು ಮುಂಡರಗಿಯಲ್ಲಿ ನಾನೇ ಬರೆದ ಎರಡು ಸಾಲು ನೋಡಿ ನಾಚಿಕೆಯಾಯಿತು.

ಆ ಸಾಲುಗಳು ಹುಟ್ಟಿದ್ದು ಬೆಟಗೇರಿಯ ನೇಕಾರ ಗೆಳೆಯನ ಸೀರೆಗಳಿಗಾಗಿ. ನಮ್ಮ ಕಸುಬಿನಲ್ಲಿ 'ಜೆನೆರಿಕ್' ಎಂಬುದೊಂದಿದೆ. ಸೀರೆಯೋ ಮೆಣಸಿನಕಾಯಿಯೋ, ಏನು ತುಂಬಿದರೂ ಬೇಡವೆನ್ನದ ಡಬ್ಬಿ ಅದು. ಷರತ್ತು ಒಂದೇ: ತನಗೆ ಸಮ ಯಾವುದು, ತನಗಿಂತ ಮೊದಲು ಯಾವುದು ಎಂಬುದನ್ನು ಒಳಗೆ ಬರುವ ವಸ್ತುವೇ ಹೇಳಬೇಕು. ಸೀರೆಗಳ ಪರವಾಗಿ ನಾನು ಹೇಳಿದೆ: ಹೆಸರು, ಊರು, ನೇಯ್ದ ವರ್ಷ ಮೂರೂ ಹೊಂದಿದರೆ ಎರಡೂ ಒಂದೇ, ಹಳೆಯದು ಮೊದಲು. ಸೀರೆಗಳು ತಕರಾರು ಮಾಡಲಿಲ್ಲ.

ಮುಂಡರಗಿಯಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರದವರು ಪಟ್ಟಿ ಮಾಡಿಕೊಡಿ ಎಂದಾಗ 'ನೇಯ್ದ ವರ್ಷ' ಅಳಿಸಿ 'ಹುಟ್ಟಿದ ವರ್ಷ' ಎಂದು ಬರೆದೆ. ಅಷ್ಟಕ್ಕೇ ಬೀಗಿದ್ದೆ ಕೂಡ!

ಆಪರೇಷನ್ ಇಪ್ಪತ್ತು ಮಂದಿಗೆ ಮಾತ್ರ. ಮತ್ತೆ ಶಿಬಿರ ಮುಂದಿನ ವರ್ಷ. ಇಪ್ಪತ್ತನೆಯ ಹೆಸರು ಕೊರ್ಲಹಳ್ಳಿಯ ಗಂಗವ್ವ ಎಂದು ಕೂಗಿದೆ. ಇಬ್ಬರು ಎದ್ದು ನಿಂತರು.

"ಗಂಗವ್ವ ಯಾರ್ರೀ?"

"ಇಬ್ರೂ ರೀ."

ಇವರ ಅಪ್ಪಂದಿರು ಅಣ್ಣತಮ್ಮಂದಿರು. ಇಬ್ಬರೂ ತಂತಮ್ಮ ಮಗಳಿಗೆ ತಮ್ಮ ತಾಯಿಯ ಹೆಸರಿಟ್ಟು, ಇಬ್ಬರನ್ನೂ ಒಂದೇ ಮನೆಗೆ ಕೊಟ್ಟಿದ್ದರು. ಹೆಸರು, ಅಡ್ಡಹೆಸರು, ಊರು, ವರ್ಷ ಎಲ್ಲ ಒಂದೇ. ನನ್ನ ಪ್ರೋಗ್ರಾಮು ಎರಡನೆಯವಳನ್ನು ನಕಲು ಎಂದು ತೆಗೆದುಹಾಕಿತ್ತು, ಜೀವಂತ ಹೆಂಗಸೊಬ್ಬಳನ್ನು! ನಾನಾದರೂ ಯಾರು? ಅಜ್ಜನ ಹೆಸರು ಹೊತ್ತವನೇ. ದೊಡ್ಡಪ್ಪನ ಮಗನಿಗೂ ಅದೇ ಹೆಸರು. ಅವನಿಗೆ ಬಂದ ಬೈಗುಳ ಬಾಲ್ಯದುದ್ದಕ್ಕೂ ತಿಂದವನಿಗೆ ಇದು ಹೊಳೆಯಲಿಲ್ಲವಲ್ಲ.

ಇನ್ನೊಂದು ಜಾಗಕ್ಕೆ ಡಾಕ್ಟರರನ್ನು ಬೇಡಿಕೊಂಡೆ. ಆಗುವುದಿಲ್ಲ ಎಂದರು. ಉಳಿದದ್ದು ನನ್ನ ಎರಡನೆಯ ಸಾಲು: ಹಳೆಯದು ಮೊದಲು.

"ಒಬ್ರಿಗೇ ಜಾಗಾ ಐತ್ರಿ ಯವ್ವಾ. ನಿಮ್ಮಿಬ್ರಾಗ ದೊಡ್ಡಾಕಿ ಯಾರ್ರೀ?"

"ನಾ ಆರ ತಿಂಗಳ ದೊಡ್ಡಾಕಿ," ಎಂದಳು ಬಡಕಲು ಗಂಗವ್ವ. ನಾನು ಟಿಕ್ ಹಾಕಲು ಪೆನ್ನೆತ್ತಿದೆ. ಆಕೆ ನನ್ನ ಕೈ ಹಿಡಿದಳು. "ತಡೀಪಾ. ನನಗ ಇನ್ನಾ ಹಾದಿ ಕಾಣತೈತಿ. ಅಕಿ ನನ್ನ ಕೈ ಹಿಡಕೊಂಡ ಬಂದಾಳ. ಅಕಿನ್ನ ಒಯ್ರಿ."

ಅದೇ ಹೆಸರಿಗೆ ಕಿರಿಯ ಗಂಗವ್ವನ ಪರವಾಗಿ ಟಿಕ್ ಹಾಕಿದೆ. ತಂಗಿಯನ್ನು ಆಸ್ಪತ್ರೆಯ ಗಾಡಿ ಹತ್ತಿಸಿ, ಸೆರಗು ಸರಿಮಾಡಿ, ಆಕೆ ಬಸ್ ಸ್ಟ್ಯಾಂಡಿನ ಕಡೆ ಒಬ್ಬಳೇ ನಿಧಾನವಾಗಿ ನಡೆದಳು. ಪೊರೆ ಬಂದ ಆ ಕಣ್ಣಿಗೆ ಯಾರು ಮೊದಲು ಎಂಬುದು ಕಂಡಿತ್ತು. ಕನ್ನಡಕ ಹಾಕಿಕೊಂಡ ನನಗೆ ಅಲ್ಲಿ ಇಬ್ಬರಿದ್ದಾರೆ ಎಂಬುದೇ ಕಂಡಿರಲಿಲ್ಲ.