ಸಾವಿನ ಮನೆಯಿಂದ ಹೊರಡುವಾಗ ಆಡುವ ಮಾತು

ದಕ್ಷಿಣ ಬೆಂಗಳೂರಿನ ಕನ್ನಡ ಕ್ರೈಸ್ತ ಸಭೆಗಳಲ್ಲಿ ಪ್ರಸಂಗದಿಂದ ಹೆಸರಾದ ಸಭಾಪಾಲಕರಿದ್ದಾರೆ, ಸಂಗೀತದಿಂದ ಹೆಸರಾದವರೂ ಇದ್ದಾರೆ. ಆದರೆ ರೋಗಿಯ ಮಂಚದ ಬಳಿ ಕೂರುವುದನ್ನೇ ತಮ್ಮ ಮುಖ್ಯ ಸೇವೆಯೆಂದು ತಿಳಿದವರು ಯಾರೆಂದು ಕೇಳಿದರೆ ಹಿರಿಯರು ಮೊದಲು ನೆನೆಯುವುದು ನಮ್ಮ ವಿಜಯಕುಮಾರ್ ಅಯ್ಯನವರನ್ನು. ಈ ವರ್ಷ ನಿವೃತ್ತರಾಗುತ್ತಿರುವ ಅವರ ಸಂಡೆ ಸ್ಕೂಲಿನಲ್ಲಿ ಕಲಿತವಳೆಂಬುದು, ನನ್ನ ತಾಯಿಯ ಕೊನೆಯ ದಿನಗಳಲ್ಲಿ ಅವರನ್ನು ಹತ್ತಿರದಿಂದ ಕಂಡವಳೆಂಬುದು, ಈ ಲೇಖನವನ್ನು ಬರೆಯಲು ನನಗಿರುವ ಅರ್ಹತೆ.

ಅಯ್ಯನವರು ಮೊದಲು ಸೇವೆಗೆ ಸೇರಿದ್ದು ಸಿದ್ದಾಪುರದ ಸಭೆಯಲ್ಲಿ. ಅಲ್ಲಿನ ಒಂದು ಘಟನೆಯನ್ನು ಅವರೇ ತರಗತಿಯಲ್ಲಿ ನಗುತ್ತಾ ಹೇಳುತ್ತಿದ್ದರು. ಯಾರ ಮನೆಯಿಂದ ಹೊರಟರೂ ‘ಹೋಗಿ ಬರ್ತೀನಿ’ ಎನ್ನುವುದು ನಮ್ಮ ರೂಢಿ; ಸಾವಿನ ಮನೆಯಿಂದ ಮಾತ್ರ ಏನೂ ಹೇಳದೆ ಎದ್ದು ಬರುತ್ತೇವೆ. ಸಭೆಯ ಸದಸ್ಯೆ ಮರಿಯಮ್ಮ ಎಂಬವರ ಪತಿಯನ್ನು ಸಮಾಧಿ ಮಾಡಿದ ಸಂಜೆ ಅವರ ಮನೆಯಿಂದ ಹೊರಟ ಅಯ್ಯನವರು ಬಾಯಿತಪ್ಪಿ ‘ಹೋಗಿ ಬರ್ತೀನಮ್ಮ’ ಎಂದುಬಿಟ್ಟರು. ವಠಾರದ ಮಾಲೀಕರಾದ ತಿಮ್ಮರಾಯಪ್ಪನವರು ಅವರನ್ನು ಗೇಟಿನ ಬಳಿ ತಡೆದರು.

“ಏನ್ ಸ್ವಾಮಿ, ಓದ್ದೋರು ನೀವು. ಸಾವಿನ್ ಮನೇಲಿ ಹಂಗಂತಾರಾ? ಇನ್ನೊಂದ್ ಸಾವಿಗೆ ಬರ್ತೀನಿ ಅಂದಂಗಾಗಲ್ವಾ?”

ಅಯ್ಯನವರು ಕ್ಷಮೆ ಕೇಳಿದರು. ಆದರೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವ ಬದಲು ನಡೆಸಿಕೊಡುವುದೇ ಸರಿಯೆಂದು ಅವರಿಗೆ ತೋರಿತು. ಮರುದಿನ ಹೋದರು, ಮರುವಾರವೂ ಹೋದರು. ಚಳಿಗಾಲವಿಡೀ ಬಿಡುವು ಮಾಡಿಕೊಂಡು ಹೋಗಿ, ಮರಿಯಮ್ಮನವರೊಡನೆ ಅವರೆಕಾಯಿ ಸುಲಿಯುತ್ತಾ ಕುಳಿತು, ಅವರು ಗಂಡನ ವಿಷಯ ಎತ್ತಿದಾಗ ಕೇಳಿಸಿಕೊಂಡರು. ತಿಮ್ಮರಾಯಪ್ಪನವರು ಇದನ್ನೆಲ್ಲ ನೋಡುತ್ತಿದ್ದರೆಂಬುದು ತಿಳಿದದ್ದು ಅವರ ಪತ್ನಿ ತೀರಿಕೊಂಡಾಗ. ಮಾತನಾಡಿಸಿ, ಹೊರಡುವಾಗ ರೂಢಿಯಂತೆ ಏನೂ ಹೇಳದೆ ಎದ್ದ ಅಯ್ಯನವರ ಕೈ ಹಿಡಿದು ಆ ಹಿರಿಯರು, “ನಮ್ಮನೇಲೂ ಆ ಮಾತ್ ಹೇಳ್ಬಿಟ್ಟೇ ಹೋಗಿ ಸ್ವಾಮಿ. ಇಲ್ದಿದ್ರೆ ನೀವ್ ಬರಲ್ಲ” ಎಂದರಂತೆ. ಬಾಯಿತಪ್ಪಿ ಬಂದ ಮಾತು ಅಲ್ಲಿಂದ ಅವರ ಸೇವೆಯ ರೀತಿಯಾಯಿತು.

ಮುಂದೆ ಜಯನಗರ, ಬಳಿಕ ಬನಶಂಕರಿ. ಆಸ್ಪತ್ರೆಯ ವಾರ್ಡುಗಳಲ್ಲಿ ಅವರು ನಿಂತು ಮಾತನಾಡಿಸಿದ್ದನ್ನು ನಾನು ಕಂಡಿಲ್ಲ. ನಿಂತವರು ಹೊರಡುವ ಆತುರದಲ್ಲಿರುವಂತೆ ರೋಗಿಗೆ ಕಾಣುತ್ತಾರೆಂದು ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು.

ನಾನು ಜೀವರಸಾಯನಶಾಸ್ತ್ರ ಓದುತ್ತಿದ್ದಾಗ ನನ್ನ ತಾಯಿ ಜಯಶೀಲ ಅವರ ಯಕೃತ್ತಿಗೆ ಕ್ಯಾನ್ಸರ್ ಹರಡಿತು. ಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲವೆಂದು ವೈದ್ಯರು ಮನೆಗೆ ಕಳುಹಿಸಿದ ಮೇಲೂ ನಮ್ಮ ಮನೆಯಲ್ಲಿ ಯಾರೂ ಸಾವಿನ ಮಾತೆತ್ತಲಿಲ್ಲ. ಅಮ್ಮ ಏನನ್ನೋ ಹೇಳಲು ಹೊರಟಾಗಲೆಲ್ಲ ನಾನು ರಕ್ತಪರೀಕ್ಷೆಯ ಫಲಿತಾಂಶವನ್ನು ವಿವರಿಸುತ್ತಿದ್ದೆ, ತಂದೆ ಗಂಜಿ ತರಲು ಎದ್ದು ಹೋಗುತ್ತಿದ್ದರು. ಬೀಳ್ಕೊಡುಗೆಯ ಒಂದು ಮಾತೂ ಇಲ್ಲದೆ ಅಮ್ಮ ಹೊರಟುಹೋಗುವ ಸ್ಥಿತಿ ಒದಗಿತ್ತು. ಅಂಥ ಒಂದು ಮಧ್ಯಾಹ್ನ ಅಯ್ಯನವರು ಬಂದು ಕುಳಿತಾಗ ಅಮ್ಮ ನೇರವಾಗಿ ಕೇಳಿದರು.

“ಅಯ್ಯನವ್ರೇ, ಸತ್ತೋರ ಮನೇಲಿ ನೀವು ಹೋಗಿ ಬರ್ತೀನಿ ಅಂತೀರಿ. ಸಾಯೋಳು ನಾನು, ನಾನೂ ಅನ್ಬೋದಾ? ಹೋಗೋದೇನೋ ಗ್ಯಾರಂಟಿ. ಬರೋದು?”

“ಇದೇ ಮನೆಗೆ, ಇದೇ ಮಂಚಕ್ಕೆ ಬರೋದಲ್ಲ ಜಯಶೀಲಮ್ಮ. ಎಬ್ಬಿಸ್ತೀನಿ ಅಂತ ಕರ್ತನು ಮಾತು ಕೊಟ್ಟಿದಾನೆ. ಅಲ್ಲಿ ಮತ್ತೆ ನೋಡ್ತೀವಿ. ಆ ಮಾತು ನಂಬ್ಕೊಂಡು ಅನ್ನಿ. ನಾನೂ ಅದನ್ನೇ ನಂಬ್ಕೊಂಡು ಅಂತಿರೋದು.”

“ನನ್ ಮಗಳು ಪ್ರೂಫ್ ಕೇಳ್ತಾಳೆ, ಹುಷಾರು” ಎಂದು ಅಮ್ಮ ನಕ್ಕರು. ಎಷ್ಟೋ ದಿನಗಳ ಬಳಿಕ ಆ ಮನೆಯಲ್ಲಿ ಕೇಳಿದ ನಗು ಅದು.

ಗೇಟಿನವರೆಗೆ ಕಳುಹಿಸಲು ಹೋದಾಗ ನಾನು ಅದನ್ನೇ ಕೇಳಿದೆ. ಅಯ್ಯನವರು ವಾದಿಸಲಿಲ್ಲ. “ತೋರಿಸೋಕೆ ನನ್ನ ಹತ್ರ ಏನೂ ಇಲ್ಲಮ್ಮ. ಕಾಯ್ತಿರೋರಲ್ಲಿ ನಾನೂ ಒಬ್ಬ. ಆದ್ರೆ ನಿಮ್ಮಮ್ಮ ಹೊರಟು ನಿಂತು ಹೇಳ್ತಿದಾರೆ. ಈ ಕಡೆಯಿಂದ ಯಾರಾದ್ರೂ ಹ್ಞೂಂ ಅನ್ಬೇಕಲ್ಲ?” ಎಂದು ಸ್ಕೂಟರ್ ಹತ್ತಿದರು. ತಿಳಿಯದ್ದನ್ನು ತಿಳಿದಿದೆಯೆನ್ನದೆ, ನಂಬಿದ್ದನ್ನು ನಂಬಿಕೆಯೆಂದೇ ಹೇಳುವ ಆ ನಿಖರತೆಯನ್ನು ನಾನು ಪ್ರಯೋಗಾಲಯದ ಹೊರಗೆ ಕಂಡದ್ದು ಅಪರೂಪ.

ಆ ವಾರದ ಕೊನೆಯಲ್ಲಿ, ಬೆಳಗ್ಗೆ ತಲೆ ಬಾಚುತ್ತಿದ್ದಾಗ, ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. “ಅರ್ಪಿತಾ, ಹೋಗಿ ಬರ್ತೀನಿ ಕಣೇ.”

ವಿವರಿಸಲು ನನ್ನಲ್ಲಿ ಯಾವ ಫಲಿತಾಂಶವೂ ಇರಲಿಲ್ಲ. ಬಾಚಣಿಗೆ ಕೆಳಗಿಟ್ಟು, “ಹೋಗಿ ಬಾಮ್ಮ” ಎಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂದೆಯೂ ಒಳಗೆ ಬಂದು ಅದನ್ನೇ ಹೇಳಿದರು. ಬಳಿಕ ಅಮ್ಮ ಒಡವೆಗಳ ವಿಷಯ, ತಂದೆಯ ಸಕ್ಕರೆ ಕಾಯಿಲೆಯ ಮಾತ್ರೆಯ ವಿಷಯ, ನನ್ನ ಮದುವೆಯ ವಿಷಯ, ಇಷ್ಟು ದಿನ ಕಟ್ಟಿಟ್ಟುಕೊಂಡಿದ್ದನ್ನೆಲ್ಲ ಆಡಿ ಮುಗಿಸಿದರು. ಸೋಮವಾರ ಬೆಳಗ್ಗೆ ಶಾಂತವಾಗಿ ತೀರಿಕೊಂಡರು.

ಅಯ್ಯನವರು ಇನ್ನು ಕತ್ರಿಗುಪ್ಪೆಯಲ್ಲಿ ನೆಲೆಸಲಿದ್ದಾರೆ. ಮಂಡಿನೋವು ಕಡಿಮೆಯಾಗಲಿ, ಮೊಮ್ಮಕ್ಕಳೊಡನೆ ಕೂರಲು ಬಿಡುವು ಸಿಗಲಿ. ಸಾವಿಗೆ ಅಂಜದವರಿಗೆ ದೀರ್ಘಾಯುಷ್ಯವನ್ನು ಕೋರುವುದು ಅವರಿಗಾಗಿ ಅಲ್ಲ, ನಮಗಾಗಿ: ನಮ್ಮ ತಂದೆಗೆ ಈಗ ವಯಸ್ಸಾಗುತ್ತಿದೆ, ನಮ್ಮ ಬೀದಿಯಲ್ಲಿ ಇನ್ನೂ ಅನೇಕರಿಗೆ ವಯಸ್ಸಾಗುತ್ತಿದೆ. ಕರೆದಾಗ ಬರಲು, ಬಂದು ಕೂರಲು, ಕರ್ತನು ಅವರನ್ನು ಬಹುಕಾಲ ನಮ್ಮ ನಡುವೆ ಉಳಿಸಲಿ.